ಮಡಚುಗೋಡೆಯ ಈಚೆಗೆ

ಜೆನಿಯಾ ಕೊವಾಲ್ ಹಳೆಯ ಭಾಷೆ ಕಲಿತದ್ದು ಅಡುಗೆಮನೆಯ ಮೇಜಿನ ಕೆಳಗೆ ಕೂತು. ಉಕ್ರೇನಿನಿಂದ ವಲಸೆ ಬಂದವರು ಕಟ್ಟಿದ, ಸಸ್ಕಾಚೆವಾನ್ ಬಯಲಿನ ಸ್ಲಾವ್ನಾ ಊರಿನಲ್ಲಿ ಆ ಕಾಲಕ್ಕೆ ಎಲ್ಲ ಮನೆಯಲ್ಲೂ ಒಂದೇ ಪದ್ಧತಿ. ಮಕ್ಕಳ ಎದುರಿಗೆ ಇಂಗ್ಲಿಷು, ಮಕ್ಕಳ ಕಿವಿಗೆ ಬೀಳಬಾರದ್ದು ಬಂದಾಗ ಉಕ್ರೇನಿಯನ್ನು. ಯಾರ ಗಂಡ ಕೈಮಾಡಿದ, ಯಾರ ಹುಡುಗಿಗೆ ತಿಂಗಳು ನಿಂತಿದೆ, ಯಾರ ಮೈದುನನನ್ನು ತಲೆ ಕೆಟ್ಟಿತೆಂದು ದೊಡ್ಡಾಸ್ಪತ್ರೆಯಲ್ಲಿ ಬಿಟ್ಟು ಬಂದರು, ಎಲ್ಲವೂ ಮೇಜಿನ ಮೇಲೆ ಆ ಭಾಷೆಯಲ್ಲಿ ಓಡಾಡುತ್ತಿದ್ದವು. ಕೆಳಗೆ ಜೆನಿಯಾ ಬೆಕ್ಕಿನ ಬಾಲ ಎಳೆಯುತ್ತ ಕಿವಿಯನ್ನು ಮಾತ್ರ ಮೇಲಕ್ಕಿಟ್ಟಿರುತ್ತಿದ್ದಳು. ಲಂಗ ಉದ್ದವಾಗುವಷ್ಟರಲ್ಲಿ ಊರಿನ ಅರ್ಧ ಪಾಪ ಅವಳಿಗೆ ಬಾಯಿಪಾಠವಾಗಿತ್ತು. ಮದುವೆಯಾಗಿ ತಾನೂ ಮೇಜಿನ ಮೇಲಿನವಳಾದ ದಿನ ಬಾಯಿ ಬಿಟ್ಟಳು. ಅವಳ ತಾಯಿ ಪರಾಸ್ಕಾ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಅಯ್ಯೋ ಕಳ್ಳಿ, ಇಷ್ಟು ವರ್ಷವೂ ಕೇಳಿಸ್ಕೊಂಡೆಯಾ?" ಅಂದಿದ್ದಳು.

ಆ ಮಾತನ್ನು ಜೆನಿಯಾ ನಗುತ್ತ ಎಲ್ಲರಿಗೂ ಹೇಳುತ್ತಿದ್ದಳು. ಹೇಳಿದ್ದರಿಂದ ಕಲಿತದ್ದು ಏನೂ ಇಲ್ಲ.

ಗಂಡ ಓರೆಸ್ಟ್ ಆಲ್ಬರ್ಟಾದ ಎಣ್ಣೆ ಬಾವಿಗಳಲ್ಲಿ ಕೆಲಸ ಮಾಡುತ್ತಿದ್ದ. ಮನೆಗೆ ಬಂದರೆ ನಿದ್ದೆ, ಎದ್ದರೆ ಟಿವಿಯಲ್ಲಿ ಹಾಕಿ ಆಟ, ಆಟ ಮುಗಿದರೆ ವಾಪಸು ಹೊರಡುವ ಚೀಲ. ಜೆನಿಯಾ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಹಾಗಾಗಿ ಒಬ್ಬಳೇ ಮಗಳು ಲಾರಿಸಾ ಅಜ್ಜಿಯ ಅಡುಗೆಮನೆಯಲ್ಲಿ ಬೆಳೆದಳು. ಪರಾಸ್ಕಾಗೆ ಕೊನೆಗಾಲದಲ್ಲಿ ಮರೆವು ಬಂದು ಇಂಗ್ಲಿಷ್ ಪೂರ್ತಿ ಉದುರಿಹೋಯಿತು. ಹುಟ್ಟಿನ ಭಾಷೆಯಷ್ಟೇ ಉಳಿಯಿತು. ಆ ಚಳಿಗಾಲವಿಡೀ ಲಾರಿಸಾ ಅಜ್ಜಿಯ ಕಾಲು ನೀವುತ್ತ ಪಕ್ಕದಲ್ಲೇ ಇದ್ದಳು. ಅಜ್ಜಿ ಮಾತಾಡುತ್ತಿದ್ದಳು, ಹುಡುಗಿ ತಲೆಯಾಡಿಸುತ್ತಿದ್ದಳು. "ಪಾಪ, ಏನೂ ಅರ್ಥವಾಗದಿದ್ರೂ ಹ್ಞೂಂ ಹ್ಞೂಂ ಅಂತಾಳೆ," ಎಂದು ಜೆನಿಯಾ ಮೆಚ್ಚಿಕೊಂಡಿದ್ದಳು.

ಲಾರಿಸಾ ಓದಲು ಸಸ್ಕಟೂನ್ ನಗರಕ್ಕೆ ಹೋದಳು, ಎರಡನೆಯ ವರ್ಷ ತಿರುಗಿ ಬಂದಳು. ಬಂದವಳು ಮೊದಲು ಮಾಡಿದ ಕೆಲಸವೆಂದರೆ ಮನೆಯ ಗಡಿಯಾರಗಳ ಬ್ಯಾಟರಿ ಕಿತ್ತದ್ದು. ಆಮೇಲೆ ಬಾವಿಯ ನೀರಿನಲ್ಲಿ ಏನೋ ಬೆರೆಸಿದ್ದಾರೆ ಅಂದಳು. ಆಮೇಲೆ ಅವಳ ಕಿವಿಯಲ್ಲಿ ಜನ ಮಾತಾಡಲು ಶುರುಮಾಡಿದರು, ಅವರು ಅವಳನ್ನು ಮಲಗಲು ಬಿಡಲಿಲ್ಲ, ಅವಳು ಅಮ್ಮನನ್ನು ಮಲಗಲು ಬಿಡಲಿಲ್ಲ. ಆಸ್ಪತ್ರೆಗೆ ಸೇರಿಸಿದರು, ಬಿಟ್ಟರು, ಮತ್ತೆ ಸೇರಿಸಿದರು. ಮನೆಯಲ್ಲಿದ್ದಾಗ ಜೆನಿಯಾ ಸೂಪಿನ ಮೊದಲ ಚಮಚ ತಾನು ಕುಡಿದು ತೋರಿಸಬೇಕು. ಮಾತ್ರೆ ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡಬೇಕು, ನೋಡಿದ್ದು ಅವಳಿಗೆ ಅವಮಾನವಾಗದಂತೆ ಕೂದಲು ಬಾಚುವ ನೆಪ ಮಾಡಬೇಕು. ಬಾಚಲು ಕೂತರೆ ಲಾರಿಸಾ ಚಿಕ್ಕವಳಿದ್ದಾಗಿನ ಹಾಗೆಯೇ ಕತ್ತು ಹಿಂದಕ್ಕೆ ವಾಲಿಸುತ್ತಿದ್ದಳು. ಅಷ್ಟು ಹೊತ್ತು ಎಲ್ಲ ಸರಿ ಇರುತ್ತಿತ್ತು.

"ಎದ್ದು ಕೆಲಸಕ್ಕೆ ಹೋದ್ರೆ ಎಲ್ಲ ಸರಿಹೋಗತ್ತೆ. ಸೋಮಾರಿತನ ಅದು," ಎಂದು ಓರೆಸ್ಟ್ ಫೋನಿನಲ್ಲಿ ಹೇಳುತ್ತಿದ್ದ.

ಇಂಥವರ ಮನೆಯವರಿಗೆಂದು ಎಲ್ಲೋ ಗುಂಪುಗಳಿರುತ್ತವೆ, ಕೂತು ಮಾತಾಡುತ್ತಾರೆ ಎಂದು ದವಾಖಾನೆಯ ನರ್ಸು ಹೇಳಿದಳು. ಜೆನಿಯಾ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡಿದಳು.

"ರೋಗಿಗೆ ಬೇಕಾ ಮೇಡಂ, ಮನೆಯವರಿಗಾ?"

"ಇಬ್ಬರಿಗೂ."

"ಅವೆರಡೂ ಬೇರೆ ಬೇರೆ ಗುಂಪು. ನಿಮ್ಮ ಊರಲ್ಲಿ ಎರಡೂ ಇಲ್ಲ. ಸಸ್ಕಟೂನ್‌ನಲ್ಲಿದೆ."

"ಮೂರು ಗಂಟೆ ದಾರಿ ಕಣಮ್ಮ. ಹಿಮ ಬಿದ್ರೆ ರಸ್ತೇನೇ ಇರಲ್ಲ."

"ಮತ್ತೇನಾದ್ರೂ ಸಹಾಯ ಬೇಕಿತ್ತಾ?"

ಒಮ್ಮೆ ಮಗಳನ್ನು ಕೂರಿಸಿಕೊಂಡು ಹೋಗಿಯೂ ಬಂದಳು. ಸಾರ್ವಜನಿಕ ರಜೆ ಎಂದು ಗುಂಪಿನ ಬಾಗಿಲಿಗೆ ಬೀಗ ಇತ್ತು. ಕಂಪ್ಯೂಟರಿನಲ್ಲಿ ಸೇರುವ ಗುಂಪೊಂದು ಸಿಕ್ಕಿತು. ಸ್ಲಾವ್ನಾದ ಇಂಟರ್‌ನೆಟ್ಟಿಗೆ ಅಷ್ಟು ದುಃಖ ಹೊರುವ ಶಕ್ತಿ ಇರಲಿಲ್ಲ. ಪರದೆಯ ಮೇಲೆ ಎಲ್ಲರೂ ಬಾಯಿ ತೆರೆದು ಹಾಗೇ ನಿಂತುಬಿಟ್ಟರು. ಹಿಂದಿನಿಂದ ಬಂದ ಲಾರಿಸಾ ಇಣುಕಿ, "ಇವರೆಲ್ಲ ಸತ್ತುಹೋದ್ರಾ ಅಮ್ಮ?" ಎಂದು ಕೇಳಿದಳು. ಜೆನಿಯಾ ಕಂಪ್ಯೂಟರಿನ ಮುಚ್ಚಳ ಹಾಕಿಟ್ಟಳು.

ಕೊನೆಗೆ ದಾರಿ ತೋರಿಸಿದವಳು ಸ್ಟೆಫ್ಕಾ. ಊರಿನ ಸಹಕಾರಿ ಅಂಗಡಿಯಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ, ನಾಲಿಗೆಗೆ ಲಗಾಮಿಲ್ಲದ ಹೆಂಗಸು. ಈರುಳ್ಳಿ ತೂಗುತ್ತ ದನಿ ತಗ್ಗಿಸಿದಳು. "ಬುಧವಾರ ಸಾಯಂಕಾಲ ಇಗರ್ಜಿಯ ನೆಲಮಾಳಿಗೆಗೆ ಕಡುಬು ಒತ್ತೋಕೆ ಬಾ."

"ನಾನು ಕಡುಬಿನ ಗುಂಪಿನವಳಲ್ಲವಲ್ಲ."

"ಮಗಳಿಗೆ ತಲೆ ಕೆಟ್ಟಿದೆ ತಾನೆ? ಹಾಗಿದ್ರೆ ನಮ್ಮ ಗುಂಪಿನವಳೇ. ಅವಳನ್ನೂ ಕರ್ಕೊಂಡು ಬಾ. ಏಪ್ರನ್ ಮಾತ್ರ ನಿನ್ನದೇ ತಾ, ನಮ್ಮದು ನಿನ್ನ ಸೊಂಟಕ್ಕೆ ಸುತ್ತಲ್ಲ."

ಶುಕ್ರವಾರದ ಮಾರಾಟಕ್ಕೆ ಇಗರ್ಜಿಯ ಹೆಂಗಸರು ಬುಧವಾರ ಆಲೂಗಡ್ಡೆಯ ಕಡುಬು ಮಾಡುವುದು ಅಜ್ಜಿಯಂದಿರ ಕಾಲದಿಂದ ಬಂದದ್ದು. ಯಾರ ಕಾರು ಯಾರ ಮನೆಯ ಮುಂದೆ ನಿಂತಿದೆಯೆಂದು ಲೆಕ್ಕವಿಡುವ ಊರು ಅದು; ಬುಧವಾರ ಇಗರ್ಜಿಯ ಮುಂದೆ ನಿಂತ ಕಾರಿನ ಬಗ್ಗೆ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅದನ್ನೇ ಹಿಡಿದು ಸ್ಟೆಫ್ಕಾ ತನ್ನಂಥವರನ್ನು ಒಬ್ಬೊಬ್ಬರಾಗಿ ಸೇರಿಸಿದ್ದಳು. ಮನೆಯಲ್ಲಿ ಒಂಟಿಯಾಗಿ ಬಿಡಲಾಗದ ಮಕ್ಕಳನ್ನೂ ಜೊತೆಗೆ ತರುತ್ತಿದ್ದರು. ಮಕ್ಕಳೆಂದರೆ ಗಡ್ಡ ಬಂದವರು, ಕೆಲಸ ಬಿಟ್ಟವರು, ಮದುವೆ ಮುರಿದುಕೊಂಡವರು. ನೆಲಮಾಳಿಗೆಯ ನಡುವೆ ಹಳಿಯ ಮೇಲೆ ಓಡುವ ಮರದ ಮಡಚುಗೋಡೆ ಇತ್ತು. ಅದನ್ನು ಎಳೆದು ಆಚೆಗೆ ಮಕ್ಕಳು, ಈಚೆಗೆ ತಾಯಂದಿರು. ಆಚೆ ಅವರ ಜೊತೆ ಡಗ್ ಎಂಬ ಮುದುಕ ಕೂರುತ್ತಿದ್ದ. ಅಂಚೆ ಹಂಚಿ ನಿವೃತ್ತನಾದವನು, ಹರೆಯದಲ್ಲಿ ತಾನೂ ಆ ದೊಡ್ಡಾಸ್ಪತ್ರೆಯ ಮಂಚದಲ್ಲಿ ಮಲಗಿ ಎದ್ದವನು, ಉಕ್ರೇನಿಯನ್ನಿನ ಒಂದಕ್ಷರ ಬಾರದವನು.

ಗೋಡೆ ತೆಳುವಾಗಿತ್ತು. ಈಚೆಯ ಮೇಜಿಗೆ ಎರಡು ಕಟ್ಟಳೆ. ಕೈಯಲ್ಲಿ ಕಣಕ ಇರುವ ತನಕ ಸುಳ್ಳಾಡಬಾರದು. ಹಗುರವಾದದ್ದನ್ನು ಇಂಗ್ಲಿಷಿನಲ್ಲಿ, ಭಾರದ್ದನ್ನು ಮಕ್ಕಳಿಗೆ ತಿಳಿಯದ ಹಳೆಯ ಭಾಷೆಯಲ್ಲಿ.

ಮೊದಲ ಬುಧವಾರ ಜೆನಿಯಾ ಬೆರಗಾಗಿ ಕೂತಳು. ಒಬ್ಬಳು ಲಟ್ಟಿಸುತ್ತಾಳೆ, ಒಬ್ಬಳು ಬಟ್ಟಲಿನ ಬಾಯಿಂದ ಹಾಳೆ ಕತ್ತರಿಸುತ್ತಾಳೆ, ಉಳಿದವರು ಹೂರಣವಿಟ್ಟು ಮಡಚಿ ಅಂಚು ಒತ್ತುತ್ತಾರೆ. ಕಣ್ಣು ಕೈಯ ಮೇಲೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

"ಈ ಉಪ್ಪು ಯಾರು ಹಾಕಿದ್ದು, ಸಮುದ್ರಾನೇ ಸುರಿದಿದೀರಲ್ಲ," ಎಂದು ಇಂಗ್ಲಿಷಿನಲ್ಲಿ ಬೈದ ಬೇಕರಿಯ ಲಿಡಿಯಾ, ಅದೇ ಉಸಿರಿನಲ್ಲಿ ಹಳೆಯ ಭಾಷೆಗೆ ಹೊರಳಿ, "ಮೊನ್ನೆ ನನ್ನ ಮಗಳು ಸ್ನಾನದ ಮನೆ ಬಾಗಿಲು ಹಾಕ್ಕೊಂಡ್ಲು. ನಾನು ತಟ್ಟಲಿಲ್ಲ. ಟೀ ಕುಡಿದು ಮುಗಿಸಿ ಆಮೇಲೆ ತಟ್ಟಿದೆ," ಅಂದಳು.

ಯಾರೂ ಅಯ್ಯೋ ಅನ್ನಲಿಲ್ಲ. ಸ್ಟೆಫ್ಕಾ ಮಾತ್ರ, "ಸಕ್ಕರೆ ಹಾಕ್ಕೊಂಡಿದ್ಯಾ ಟೀಗೆ?" ಎಂದು ಕೇಳಿದಳು. ಮೇಜಿಗೆ ಮೇಜೇ ನಕ್ಕಿತು. ಜೆನಿಯಾ ಕೂಡ ನಕ್ಕಳು, ನಗುವಾಗ ಕಣ್ಣೀರು ಹೂರಣಕ್ಕೆ ಬಿತ್ತು, ಬೀಳಲಿ ಬಿಡು ಉಪ್ಪು ಹೇಗೂ ಹೆಚ್ಚಾಗಿದೆ ಎಂದರು. ಮನೆಗೆ ಹೋಗುವಾಗ ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಹೆಗಲು ಕೆಳಗಿಳಿದಿತ್ತು.

ಲಾರಿಸಾಳೂ ಬದಲಾದಳು. ಬುಧವಾರ ಬಂತೆಂದರೆ ತಾನೇ ತಲೆ ತೊಳೆದುಕೊಂಡು, ಬೂಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಮಡಚುಗೋಡೆಯ ಆಚೆಯಿಂದ ನಗು ಕೇಳುತ್ತಿತ್ತು. ಎಷ್ಟೋ ಸಲ ಈಚೆ ಯಾರಾದರೂ ಭಾರದ್ದನ್ನು ಹೇಳಿ ಮುಗಿಸಿದ ಹೊತ್ತಿಗೇ ಆಚೆ ಗೊಳ್ಳೆಂದು ನಗು ಏಳುತ್ತಿತ್ತು.

"ನಗ್ತಾ ಇದಾರೆ ಪಾಪ," ಎಂದು ಲಿಡಿಯಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಅಷ್ಟಾದ್ರೂ ನಗಲಿ."

ಒಂದು ವಾರ ಸ್ಟೆಫ್ಕಾ ಸಪ್ಪಗಿದ್ದಳು. ಮಗ ಮಾರ್ಟಿಗೆ ಹೆದರಿ ಮನೆಯ ಚಾಕುಗಳನ್ನೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿಟ್ಟಿದ್ದಾಗಿ ಅವಳು ಹಿಂದಿನ ಬುಧವಾರವಷ್ಟೇ ಮೇಜಿನಲ್ಲಿ ಹೇಳಿದ್ದಳು. "ಗುರುವಾರ ಬೆಳಿಗ್ಗೆ ಎದ್ದು ನೇರ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಚಾಕು ತೆಗ್ದ ಕಣೇ. ಬ್ರೆಡ್ಡಿಗೆ ಬೆಣ್ಣೆ ಸವರ್ಕೊಂಡ. ನನ್ನ ಮುಖ ನೋಡ್ತಾ ಸವರ್ಕೊಂಡ."

"ರೋಗಕ್ಕೆ ಮೂಗು ಚುರುಕು," ಅಂದಳು ಜೆನಿಯಾ. ಎಲ್ಲರೂ ಹೌದೆಂದರು. ಬೇರೆ ಯೋಚನೆ ಒಬ್ಬಳಿಗೂ ಬರಲಿಲ್ಲ. ಮೇಜಿನ ಕೆಳಗೆ ಬೆಳೆದ ಜೆನಿಯಾಗೂ ಬರಲಿಲ್ಲ.

ಈಸ್ಟರ್ ಹತ್ತಿರ ಬರುವಾಗ ನಗರದಿಂದ, ಆಸ್ಪತ್ರೆಯವರು ಲಾರಿಸಾಳ ಉಸ್ತುವಾರಿಗೆ ಗೊತ್ತುಮಾಡಿದ್ದ ಹೆಂಗಸು ಫೋನ್ ಮಾಡಿದಳು. ಇಂಥವರೇ ಕೂಡಿ ಇರುವ, ನೋಡಿಕೊಳ್ಳಲು ಜನವಿರುವ ಮನೆಯೊಂದರಲ್ಲಿ ಕೋಣೆ ಖಾಲಿಯಾಗಿದೆ. ಲಾರಿಸಾ ಈಗ ತನ್ನ ವಿಷಯ ತಾನು ನಿರ್ಧರಿಸುವಷ್ಟು ಚೇತರಿಸಿಕೊಂಡಿದ್ದಾಳೆ. ಹೋಗುವುದೋ ಇಲ್ಲೇ ಉಳಿಯುವುದೋ, ಅವಳೇ ಹೇಳಲಿ.

ಕಳಿಸಬಾರದು ಎಂಬುದೊಂದೇ ಜೆನಿಯಾಳ ತಲೆಯಲ್ಲಿ. ಅಲ್ಲಿ ಸೂಪನ್ನು ಮೊದಲು ಯಾರು ಕುಡಿದು ತೋರಿಸುತ್ತಾರೆ? ತಲೆ ಯಾರು ಬಾಚುತ್ತಾರೆ?

ಬೆಳಗಿನ ಗಂಜಿಯ ಮುಂದೆ ಲಾರಿಸಾ ಕೇಳಿದಳು. "ನಾನು ಈ ಮನೇಲಿ ಇರೋದು ನಿನಗೆ ಬೇಕಾ ಅಮ್ಮ?"

"ಬೇಕು. ಇದೆಂಥ ಪ್ರಶ್ನೆ? ಬೇಕೇ ಬೇಕು."

"ನಿಜವಾಗ್ಲೂ?"

"ನಿನ್ನ ಆಣೆಗೂ."

ಲಾರಿಸಾ ಗಂಜಿಯ ಬಟ್ಟಲು ಪಕ್ಕಕ್ಕಿಟ್ಟಳು. "ಸರಿ. ಬುಧವಾರ ಆದ್ಮೇಲೆ ಹೇಳ್ತೀನಿ," ಅಂದಳು.

ಬುಧವಾರವೇ ಏಕೆ ಎಂದು ಜೆನಿಯಾ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಆ ಬುಧವಾರ ಹಬ್ಬದ ಬೇಡಿಕೆಯೆಂದು ಮೇಜಿನ ತುಂಬ ಕಣಕ. ಎಲ್ಲರ ಮೊಣಕೈವರೆಗೂ ಹಿಟ್ಟು. ಕೋಣೆಯ ಸುದ್ದಿಯನ್ನು ಜೆನಿಯಾ ಇಂಗ್ಲಿಷಿನಲ್ಲೇ ಹೇಳಿದಳು: ಬಂದಿದೆ, ನನಗೆ ಇಷ್ಟವಿಲ್ಲ, ಮಗಳು ಮನೆಯಲ್ಲೇ ಇರಬೇಕು.

ಸ್ಟೆಫ್ಕಾ ಹಳೆಯ ಭಾಷೆಗೆ ಇಳಿದಳು. "ಕೈಯಲ್ಲಿ ಕಣಕ ಇದೆ ಕಣೇ. ಪಾದ್ರಿ ಮುಂದೆ ಮಾತಾಡಿದ ಹಾಗೆ ಮಾತಾಡ್ಬೇಡ."

ಜೆನಿಯಾ ಒಂದು ಕಡುಬು ಒತ್ತಿದಳು, ಇನ್ನೊಂದು ಒತ್ತಿದಳು. ಮೂರನೆಯದು ಅಂಚು ಬಿಟ್ಟುಕೊಂಡಿತು. ಹಾಗೆಯೇ ಅವಳೂ.

"ಅವಳು ಆಸ್ಪತ್ರೇಲಿದ್ದಾಗ ನಾನು ಕೂತು ಊಟ ಮಾಡಿದೆ. ಕೂತು, ಬಿಸಿಬಿಸಿಯಾಗಿ. ಬಸ್ಸಲ್ಲಿ ಹಾಡು ಹೇಳ್ತಿದ್ದೆ, ಮಕ್ಕಳು ನಗ್ತಿದ್ರು. ಮನೆಗೆ ಕಳಿಸ್ತೀವಿ ಅಂತ ಫೋನ್ ಬಂದಾಗ ಹಿಮ ಸುರೀಲಿ ದೇವರೇ, ರಸ್ತೆ ಮುಚ್ಚಲಿ ಅಂತ ಬೇಡ್ಕೊಂಡೆ. ಹೆತ್ತ ಮಗು ಮನೆಗೆ ಬರೋ ದಿನ!"

"ಹಾಗಿದ್ರೆ ಹೋಗ್ಲಿ ಬಿಡು," ಅಂದಳು ಸ್ಟೆಫ್ಕಾ.

"ಹೋದ್ರೆ ಊರು ಏನನ್ನತ್ತೆ? ಕೊವಾಲರ ಹೆಂಗಸು ಹುಚ್ಚಿಯನ್ನ ಹೊರಗೆ ಹಾಕಿದ್ಲು ಅನ್ನತ್ತೆ." ಅವಳ ದನಿ ಏರಿತು. ಗೋಡೆಯ ಆಚೆ ಈ ಸಲ ನಗು ಇರಲಿಲ್ಲ, ಅದು ಅವಳ ಗಮನಕ್ಕೆ ಬರಲಿಲ್ಲ. "ಒಂದೊಂದು ಬೆಳಿಗ್ಗೆ ಅವಳ ಕೋಣೆ ಬಾಗಿಲಿಗೆ ಕಿವಿ ಕೊಟ್ಟು ನಿಲ್ತೀನಿ ಸ್ಟೆಫ್ಕಾ. ಉಸಿರು ಕೇಳಿಸದೆ ಹೋದ್ರೆ ಸಾಕು ಅನ್ಸತ್ತೆ. ನಿದ್ದೇಲೇ ಹೋಗಿಬಿಟ್ಟಿದ್ರೆ..."

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಅಷ್ಟರಲ್ಲಿ ಆಚೆಯಿಂದ ಒಂದು ದನಿ ತೇಲಿ ಬಂತು. ಇಂಗ್ಲಿಷಿನಲ್ಲಿ, ಏರಿಳಿತವಿಲ್ಲದೆ, ಪಾಠ ಓದಿ ಹೇಳುವವರ ಹಾಗೆ.

"...ಹಿಮ ಸುರಿಯಲಿ, ರಸ್ತೆ ಮುಚ್ಚಲಿ ಎಂದು ದೇವರನ್ನು ಬೇಡಿಕೊಂಡಳಂತೆ. ಊರಿಗೆ ಹೆದರಿ ಇಟ್ಟುಕೊಂಡಿದ್ದಾಳಂತೆ. ಬೆಳಿಗ್ಗೆ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಾಳಂತೆ. ಉಸಿರು ಕೇಳಿಸದಿದ್ದರೆ ಸಾಕು ಅನ್ನಿಸುತ್ತದಂತೆ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರೆ..."

ಲಾರಿಸಾಳ ದನಿ. ಅಲ್ಲಿಗೆ ಅದೂ ನಿಂತಿತು. ಸ್ವಲ್ಪ ಕಾದು, ಮಡಚುಗೋಡೆಗೆ ಬಾಯಿ ಹತ್ತಿರ ತಂದು, ಲಾರಿಸಾ ಹಳೆಯ ಭಾಷೆಯಲ್ಲಿ ಕೇಳಿದಳು. ಸತ್ತ ಪರಾಸ್ಕಾಳ ಅದೇ ರಾಗ, ಮಾತಿನ ತುದಿಯನ್ನು ಎಳೆಯುವ ಅದೇ ರೀತಿ.

"ಮುಂದೆ? ಮುಂದೆ ಹೇಳು."

ಮುಂದೆ ಇತ್ತು. ಕಿವಿಗೊಟ್ಟು ನಿಂತಾಗ ಕೊನೆಗೂ ಒಳಗಿಂದ ಉಸಿರು ಕೇಳಿಸುತ್ತಿತ್ತು. ಕೇಳಿಸಿದೊಡನೆ ಅವಳು ಸದ್ಯ ಎಂದು ಗೋಡೆ ಹಿಡಿದು ಸಾವರಿಸಿಕೊಂಡು, ಕೆಳಗಿಳಿದು ಗಂಜಿಗೆ ನೀರಿಡುತ್ತಿದ್ದಳು. ಅದನ್ನೇ ಹೇಳಲು ಹೊರಟಿದ್ದಳು. ಬಾಯಿ ತೆರೆದಳು. ಈಗ ಹೇಳಿದರೆ ಅದು ಮಗಳಿಗೆ ಕೇಳಲೆಂದು ಹೇಳಿದ ಮಾತಾಗುತ್ತದೆ. ಅಂಥ ಮಾತಿಗೆ ಏನು ಬೆಲೆಯೆಂದು ಆ ಮೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಬಾಯಿ ಮುಚ್ಚಿದಳು.

"ಅಷ್ಟೇ ಅಂತೆ," ಎಂದು ಲಾರಿಸಾ ಆಚೆಯವರಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಸ್ಟೆಫ್ಕಾ ಎದ್ದು ಹಿಟ್ಟಿನ ಕೈಯಲ್ಲೇ ಮಡಚುಗೋಡೆಯನ್ನು ಬರ್ರೆಂದು ಎಳೆದಳು. ಮಕ್ಕಳೆಲ್ಲ ಕುರ್ಚಿಗಳನ್ನು ಗೋಡೆಗೆ ಅಂಟಿಸಿಕೊಂಡು ಕೂತಿದ್ದರು, ಆಟದ ಮೊದಲ ಸಾಲು ಹಿಡಿದವರ ಹಾಗೆ. ನಡುವಿನ ಕುರ್ಚಿ ಲಾರಿಸಾಳದು.

"ಎಷ್ಟು ದಿನದಿಂದ?" ಸ್ಟೆಫ್ಕಾ ಕಿರುಚಿದಳು.

"ಲಾರಿಸಾ ಬಂದ ದಿನದಿಂದ," ಅಂದ ಮಾರ್ಟಿ. ಅವನ ಮುಖದಲ್ಲಿ ನಗುವಿತ್ತು. "ಹಿಟ್ಟಿನ ಡಬ್ಬಿ ಬೇಡ ಅಮ್ಮ, ಚಾಕು ತುಕ್ಕು ಹಿಡಿಯತ್ತೆ."

ಲಿಡಿಯಾಳ ಮಗಳು ಮಾತ್ರ ನಗಲಿಲ್ಲ. "ಟೀ ಆಯ್ತಾ ಅಮ್ಮ?" ಎಂದು ಕೇಳಿದಳು, ಅಷ್ಟೇ.

ಸ್ಟೆಫ್ಕಾ ಮುದುಕನ ಮೇಲೆ ಬಿದ್ದಳು. "ನೀನು ಎದುರಿಗೇ ಕೂತು ಸುಮ್ಮನಿದ್ಯಲ್ಲೋ ಡಗ್!"

ಡಗ್ ಟೋಪಿ ಕೈಗೆತ್ತಿಕೊಂಡ. "ಇವರಿಗೆ ಯಾರೂ ನಿಜ ಹೇಳಲ್ಲಮ್ಮ. ಡಾಕ್ಟರೂ ಹೇಳಲ್ಲ, ನೀವೂ ಹೇಳಲ್ಲ. ವಾರಕ್ಕೊಂದು ಸಲ ಸಿಗ್ತಿತ್ತು. ಒಬ್ಬರೂ ಒಂದು ಬುಧವಾರವೂ ತಪ್ಪಿಸಲಿಲ್ಲ, ನೋಡಿದ್ರಲ್ಲ."

ಕಾರಿನಲ್ಲಿ ಜೆನಿಯಾ ಆಗ ನುಂಗಿದ್ದನ್ನು ಹೇಳಿದಳು. ಉಸಿರಿನ ವಿಷಯ, ಗೋಡೆ ಹಿಡಿದ ವಿಷಯ, ಗಂಜಿಯ ವಿಷಯ. ಇಂಗ್ಲಿಷಿನಲ್ಲಿ ಹೇಳಿದಳು, ಮತ್ತೆ ಹಳೆಯ ಭಾಷೆಯಲ್ಲಿ ಹೇಳಿದಳು, ಅಳುತ್ತ ಹೇಳಿದಳು.

ಲಾರಿಸಾ ಕಿಟಕಿಯ ಹೊರಗೆ ಕರಗುತ್ತಿದ್ದ ಹಿಮ ನೋಡುತ್ತಿದ್ದಳು. "ಇದನ್ನ ನನಗೆ ಹೇಳ್ತಾ ಇದೀಯ ಅಮ್ಮ. ನನಗೆ ಅಂತ ಹೇಳೋದನ್ನ ಚಿಕ್ಕಂದಿನಿಂದ ಕೇಳಿದೀನಿ."

"ಇದು ನಿಜ ಕಣೇ!"

"ಇರಬಹುದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಕಿವೀಲಿ ಮಾತಾಡೋರು ಇದಾರಲ್ಲ, ಅವರು ನೀನು ಹೇಳಿದ್ದಕ್ಕಿಂತ ಕೆಟ್ಟದ್ದು ಹೇಳ್ತಾರೆ. ಆದ್ರೆ ಗಂಜಿ ಮುಂದೆ ಕೂತು 'ನಿನ್ನ ಆಣೆ, ಬೇಕೇ ಬೇಕು' ಅಂತ ಒಂದು ದಿನಾನೂ ಅಂದಿಲ್ಲ."

ಹಬ್ಬ ಮುಗಿದ ವಾರ ಉಸ್ತುವಾರಿಯ ಹೆಂಗಸು ಬಂದು ಕರೆದುಕೊಂಡು ಹೋದಳು. ಲಾರಿಸಾ ಮನೆಯಿಂದ ಒಯ್ದದ್ದು ಬಟ್ಟೆ ಮತ್ತು ಅಜ್ಜಿಯ ತಲೆವಸ್ತ್ರ. ಹಿಂದಿನ ರಾತ್ರಿ ಜೆನಿಯಾ ಬಾಚಣಿಗೆ ಹಿಡಿದು ಬಂದಾಗ, "ನಾನೇ ಬಾಚ್ಕೋತೀನಿ, ಅಭ್ಯಾಸ ಆಗ್ಬೇಕಲ್ಲ," ಅಂದಿದ್ದಳು. ಮೊದಮೊದಲು ಜೆನಿಯಾ ಪ್ರತಿ ವಾರ ಫೋನ್ ಮಾಡುತ್ತಿದ್ದಳು. ಮಗಳು ಚೆನ್ನಾಗಿದ್ದಳು. ಅದೇ ಕಷ್ಟವಾಯಿತು. ತಾನೇ ಸೂಪು ಮಾಡಿ, ತಾನೇ ಕುಡಿಯುತ್ತಿದ್ದಳು.

ಜೆನಿಯಾ ಈಗ ಕೂತು, ಬಿಸಿಬಿಸಿಯಾಗಿ ಊಟ ಮಾಡುತ್ತಿದ್ದಳು. ತಟ್ಟೆಯ ಅರ್ಧ ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆ ಎದ್ದು ಖಾಲಿ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟು, ನೆನಪಾಗಿ, ಕೆಳಗಿಳಿಯುತ್ತಿದ್ದಳು.

ಒಂದು ಬುಧವಾರ ಏಪ್ರನ್ ಹಿಡಿದು ಇಗರ್ಜಿಗೆ ಹೋದಳು. ಮೆಟ್ಟಿಲ ಮೇಲೆಯೇ ಸ್ಟೆಫ್ಕಾ ತಡೆದಳು.

"ಇಲ್ಲಿ ನಿನಗೆ ಜಾಗ ಇಲ್ಲ ಕಣೇ. ಮಾತಾಡೋಕೆ ಅಂತ ನಮಗೆ ಒಂದು ಭಾಷೆ ಉಳಿದಿತ್ತು. ಅದನ್ನೂ ನಿನ್ನ ಮಗಳು ಕಿತ್ಕೊಂಡ್ಲು. ಮಾರ್ಟಿ ನನ್ನ ಜೊತೆ ಮಾತು ಬಿಟ್ಟಿದಾನೆ."

"ನನ್ನ ಮಗಳು ನನ್ನ ಬಿಟ್ಟೇ ಹೋದ್ಲಲ್ಲ ಸ್ಟೆಫ್ಕಾ."

"ನೀನು ಬೇಡ್ಕೊಂಡಿದ್ದೇ ಅದಲ್ವಾ?" ಎಂದು ಸ್ಟೆಫ್ಕಾ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಬೆಂದ ಆಲೂಗಡ್ಡೆಯ ವಾಸನೆ ಬರುತ್ತಿತ್ತು. ಯಾರೂ ನಗುತ್ತಿರಲಿಲ್ಲ.

ಬೇಸಿಗೆ ಕಳೆದು ಶಾಲೆ ಮತ್ತೆ ಶುರುವಾಯಿತು. ಒಂದು ಮಧ್ಯಾಹ್ನ, ಶಾಲೆ ಬಿಡುವ ಮೊದಲು, ಹೊರಗೆ ಖಾಲಿ ಬಸ್ಸಿನಲ್ಲಿ ಕೂತು ಜೆನಿಯಾ ಮತ್ತೆ ಸಹಾಯವಾಣಿಗೆ ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿ, ಆಮೇಲೆ ಹುಡುಗಿಯೊಬ್ಬಳು ಬಂದಳು.

"ರೋಗಿಗೆ ಬೇಕಾ ಮೇಡಂ, ಮನೆಯವರಿಗಾ?"

"ನನಗೆ," ಅಂದಳು ಜೆನಿಯಾ.

ಊರಿನ ಹೆಸರು ಕೇಳಿ ಹುಡುಗಿ ಹುಡುಕಿದಳು. "ಒಳ್ಳೆ ಸುದ್ದಿ ಮೇಡಂ! ಸ್ಲಾವ್ನಾದಲ್ಲೇ ಒಂದು ಗುಂಪಿದೆ, ಈಗ ಹೊಸದಾಗಿ ಸೇರಿಸಿದಾರೆ. ಡಗ್ ಅಂತ ಒಬ್ಬರು ಫೋನ್ ಮಾಡಿ ಹೇಳಿದ್ದಂತೆ. ಬುಧವಾರ ಸಾಯಂಕಾಲ, ಇಗರ್ಜಿಯ ನೆಲಮಾಳಿಗೆ. ಮನೆಯವರು, ರೋಗಿಗಳು ಎಲ್ಲ ಒಟ್ಟಿಗೇ ಕೂರ್ತಾರಂತೆ. ಕಡುಬೂ ಮಾಡ್ತಾರಂತೆ. ಎಲ್ಲರಿಗೂ ಸ್ವಾಗತ ಅಂತಿದೆ."

"ಅಲ್ಲಿ ಯಾವ ಭಾಷೇಲಿ ಮಾತಾಡ್ತಾರೆ?"

"ಇಂಗ್ಲಿಷೇ. ಇಂಗ್ಲಿಷ್ ಮಾತ್ರ ಅಂತ ಹೇಳಿದಾರೆ. ಯಾಕೆ ಮೇಡಂ, ನಿಮಗೆ ಇಂಗ್ಲಿಷ್ ಕಷ್ಟವಾ?"

"ಇಲ್ಲಮ್ಮ," ಅಂದಳು ಜೆನಿಯಾ. "ಚೆನ್ನಾಗಿ ಬರತ್ತೆ."

ಶಾಲೆಯ ಗಂಟೆ ಹೊಡೆಯಿತು. ಫೋನ್ ಇಟ್ಟು ಬಸ್ಸಿನ ಬಾಗಿಲು ತೆರೆದಳು. ಹತ್ತುತ್ತಿದ್ದ ಪುಟ್ಟ ಹುಡುಗಿಯೊಬ್ಬಳು, "ಇವತ್ತು ಹಾಡು ಹೇಳ್ತೀಯಾ?" ಎಂದು ಕೇಳಿದಳು. ಕೂತ್ಕೊ, ಬೆಲ್ಟ್ ಹಾಕ್ಕೊ, ಎಂದು ಜೆನಿಯಾ, ಎಲ್ಲರೂ ಹತ್ತಿದ ಮೇಲೆ, ಬಸ್ಸು ತಿರುಗಿಸಿದಳು.